ಮನ್ಮಥಪ್ಪ ವಕೀಲರ ಜಜ್ಜಗಿರಿ

ನಮ್ಮ ಔರಂಗಾಬಾದಿನ ಓಣಿಯ ಮನ್ಮಥಪ್ಪ ವಕೀಲರು ಜಜ್ಜರಾಗಲು ವರ್ಷವರ್ಷವೂ ಮುಂಬಯಿಗೆ ಸಂದರ್ಶನಕ್ಕೆ ಹೋಗುತ್ತಿದ್ದರು. ಹೋಗುವ ಮುಂಚಿನ ತಿಂಗಳಿಡೀ ಮನೆಯೇ ಕೋರ್ಟು. ಹಾಲಿಗೆ ನೀರು ಬೆರೆಸಿದ ಗೌಳಿಗೂ ವಾದಿಸುವ ಹಕ್ಕಿತ್ತು. ಬೈಯಲು ಬಂದ ಹೆಂಡತಿ ಈರಮ್ಮನಿಗೆ, “ತಡಿ, ನಿನ್ನ ಪಾಳಿ ಬರ್ತದ” ಎನ್ನುತ್ತಿದ್ದರು. ಸಾಕ್ಷಿಯಿಲ್ಲದೆ ಬೆಕ್ಕನ್ನೂ ಓಡಿಸುವಂತಿರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ವಯೋಮಿತಿಯ ಕೊನೆಯ ಅವಕಾಶ ಬಂತು. ಆಗ ವಕೀಲರ ಕಕ್ಷಿದಾರಳು, ಪೈಠಣದ ನೇಕಾರ ವಿಧವೆ ಕಾಶಿಬಾಯಿಯ ಮನೆ ಕಬಳಿಸಲು ಹೊರಟಿದ್ದ ಸಾವುಕಾರ ತಾನೇ ವಕೀಲರ ಮನೆಗೆ ಬಂದು ಕುಳಿತ. “ವಕೀಲ್ ಸಾಹೇಬ್ರ, ಆಕಿ ಕೇಸು ಬಿಡ್ರಿ. ಮುಂಬಯಿಯೊಳಗ ನನ್ನ ಮಾತು ನಡೀತದ, ಈ ಸಲ ಜಜ್ ಆಗ್ತೀರಿ.” “ನೀವು ಕೊಡಿಸಿದ ಕುರ್ಚಿ ಮ್ಯಾಲ ಕೂತು ನಿಮ್ಮದೇ ತಪ್ಪು ಅಂತ ಹ್ಯಾಂಗ ಹೇಳ್ಲಿ? ಏಳ್ರಿ, ಕೋರ್ಟಿನ್ಯಾಗ ಸಿಗೋಣು,” ಎಂದರು ವಕೀಲರು. ಲಿಂಗಪೂಜೆ ಮುಗಿಸಿ ಹೊರಬಂದ ಈರಮ್ಮ ಸಾವುಕಾರನ ಚಪ್ಪಲಿಗಳನ್ನು ಬೀದಿಯ ಕಡೆಗೆ ತಿರುಗಿಸಿಟ್ಟರು.