ಹಡಗಿಗೆ ಕೊಟ್ಟ ಅಡ್ವಾನ್ಸು, ತಡವಾಗಿ ಬಂದ ಹುಳು

ಇಬ್ಬರಿಗೆ ನಲವತ್ತೆಂಟು ಸಾವಿರ, ಅದರ ಮೇಲೆ ಮೂರು ಸಾವಿರ. ರೈಲಿನದು ಬೇರೆ. ಇಷ್ಟು ಕೊಟ್ಟು ನಾನೂ ನನ್ನಕ್ಕನೂ ಮುಂಬೈಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗಿಬಂದೆವು. ನಲವತ್ತೆಂಟು ಸಾವಿರ ಸಮುದ್ರದ ಬೆಲೆ. ಮೇಲಿನ ಮೂರು ಸಾವಿರ ಅಕ್ಕನ ರೇಷ್ಮೆಹುಳುಗಳಿಂದ ಬಿದ್ದದ್ದು.

ಕೊಳ್ಳೇಗಾಲದ ಮಗ್ಗದವರಿಂದ ಸೀರೆ ಕೊಂಡು, ಹನೂರು, ಕಾಮಗೆರೆ ಕಡೆ ಮನೆಮನೆ ತಿರುಗಿ ಮಾರಿ ಮೇಲೆ ಬಂದವಳು ನಾನು. ಈಗ ಒಂದು ಪುಟ್ಟ ಅಂಗಡಿ ಇದೆ. ಅಕ್ಕ ಯಳಂದೂರಿನ ಹತ್ತಿರದ ಹಳ್ಳಿಯಲ್ಲಿ ಹುಳು ಸಾಕುತ್ತಾಳೆ. ಅರವತ್ತು ತುಂಬುತ್ತ ಬಂದರೂ ಸಮುದ್ರ ಕಂಡವಳಲ್ಲ. ‘ಒಂದ್ ಸಲ ನೋಡ್ಬುಡ್ಬೇಕು ಕಣೆ’ ಎನ್ನುವುದನ್ನು ನಾನು ಎಷ್ಟು ವರ್ಷದಿಂದ ಕೇಳಿದ್ದೆನೋ!

ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹಿಂದಿನ ಟ್ರಾವೆಲ್ಸ್ ಆಫೀಸಿಗೆ ಹೋಗಿ ಅರ್ಧ ದಿನ ಚೌಕಾಸಿ ಮಾಡಿದೆ. ಅಲ್ಲಿನವನು ಎರಡು ರೇಟು ತೋರಿಸಿದ.

“ಅಕ್ಕ, ಇದು ಆರು ಸಾವ್ರ ಕಮ್ಮಿ. ಆದ್ರೆ ಕಟ್ಟಿದ ಅಡ್ವಾನ್ಸು ಏನೇ ಆದ್ರೂ ವಾಪಸ್ ಬರಲ್ಲ. ಆಮೇಲ್ ನನ್ ಬಯ್ಯಂಗಿಲ್ಲ.”

“ಯಾಕಪ್ಪ ವಾಪಸ್ ಕೇಳಾನ? ನಾವು ಓಗೇ ಓಯ್ತೀವಿ.”

ಹನ್ನೆರಡು ಸಾವಿರ ಅಡ್ವಾನ್ಸು ಕಟ್ಟಿದೆ. ವಾಪಸ್ ಬರುವುದಿಲ್ಲ ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ನಮ್ಮ ವ್ಯಾಪಾರದಲ್ಲಿ ಮಗ್ಗದವರಿಗೆ ಕೊಟ್ಟ ಅಡ್ವಾನ್ಸು ಮುಳುಗುವುದೇ ಇಲ್ಲ. ಹಸಿರು ಸೀರೆ ಬೇಡವಾಯಿತೆ? ಮುಂದಿನ ತಿಂಗಳ ಕೆಂಪು ಸೀರೆಗೆ ಹಿಡಿದುಕೊಳ್ಳುತ್ತಾರೆ. ಹಡಗಿನವರೂ ಹಾಗೆಯೇ ಎಂದುಕೊಂಡಿದ್ದೆ.

ಪ್ರಯಾಣದ ದಿನ ಗೊತ್ತುಮಾಡಿದ್ದು ಅಕ್ಕನೇ. ಮೊಟ್ಟೆ ಒಡೆಸಿ ಕೊಡುವ ಕೇಂದ್ರದಿಂದ ಇಂಥ ದಿನ ಎಳೆಹುಳು ಮನೆಗೆ ಬರುತ್ತದೆ, ಇಷ್ಟು ದಿನ ಸೊಪ್ಪು ತಿನ್ನುತ್ತದೆ, ಇಂಥ ದಿನ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುತ್ತೇವೆ ಎಂದು ಬೆರಳು ಮಡಿಸಿ ಲೆಕ್ಕ ಹಾಕಿದಳು. ಅದಾದ ನಾಲ್ಕು ದಿನಕ್ಕೆ ಹಡಗು. ಆದರೆ ಇಬ್ಬರೂ ಚಳಿಯನ್ನು ಮರೆತೆವು. ಚಳಿಗೆ ಮೊಟ್ಟೆ ಒಡೆಯುವುದು ತಡವಾಗಿ, ಎಳೆಹುಳು ಬರುವುದು ಹತ್ತು ದಿನ ಮುಂದಕ್ಕೆ ಹೋಯಿತು. ಹುಳು ಮನೆಗೆ ಬಂದ ದಿನವೇ ಅಕ್ಕ ಫೋನ್ ಮಾಡಿದಳು.

“ಲೇ, ಹಡಗು ಬಿಡೋ ಒತ್ಗೆ ಇಲ್ಲಿ ಹುಳ ಹಣ್ಣಾಯ್ತವೆ ಕಣೆ. ನೀನೊಬ್ಳೇ ಓಗ್ಬುಟ್ ಬಾ. ದುಡ್ನ ಕಳ್ಕಬೇಡ.”

ಹಣ್ಣಾಗುವುದೆಂದರೆ ಹುಳು ತಿನ್ನುವುದು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವುದು. ಅಂಥವನ್ನು ನೋಡಿ ನೋಡಿ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಸೊಪ್ಪು ಕೊಯ್ಯಲು ಭಾವ ಇದ್ದಾರೆ. ಆರಿಸುವ ಕಣ್ಣು ಆ ಮನೆಯಲ್ಲಿ ಅಕ್ಕನಿಗೆ ಮಾತ್ರ. ಅವಳಿಲ್ಲದೆ ನನಗೆಂಥ ಸಮುದ್ರ?

ಮರುದಿನವೇ ಆಫೀಸಿಗೆ ಹೋದೆ.

“ಅಡ್ವಾನ್ಸ್ ನಿನ್ ತಾವೇ ಇರ್ಲಪ್ಪ. ಮುಂದೆ ಯಾವಾಗಾದ್ರೂ ಓದಾಗ ಹಿಡ್ಕೊ.”

“ಇದೇನ್ ಸೀರೆ ವ್ಯಾಪಾರನಾಕ್ಕ? ಕ್ಯಾನ್ಸಲ್ ಅಂದ್ರೆ ಹನ್ನೆರಡೂ ಓಯ್ತು.”

“ಓಯ್ತು ಅಂತ ಬರೆದಿರೋ ಕಾಗದ ತೆಗಿ. ಒಂದೊಂದು ಸಾಲೂ ಕನ್ನಡದಲ್ಲಿ ಹೇಳು.”

ಅವನು ನಿಟ್ಟುಸಿರು ಬಿಟ್ಟು ಶುರು ಮಾಡಿದ. ಎರಡನೇ ಪುಟದ ನಡುವೆ ಒಂದು ಸಾಲು ಬಂತು: ಬಾಕಿ ಹಣ ಕಟ್ಟುವ ಕೊನೆಯ ದಿನದೊಳಗೆ ಕೇಳಿದರೆ, ಶುಲ್ಕ ಕಟ್ಟಿ ಪ್ರಯಾಣದ ದಿನವನ್ನು ಒಂದು ಸಲ ಬದಲಿಸಬಹುದು.

“ನಿಲ್ಸು, ನಿಲ್ಸು! ಕೊನೇ ದಿನ ಯಾವತ್ತು?”

“ನಾಳಿದ್ದು.”

ಕುರ್ಚಿಯಿಂದ ಎದ್ದೇಬಿಟ್ಟೆ. ರದ್ದು ಮಾಡುವುದು ಬೇರೆ, ದಿನ ಬದಲಿಸುವುದು ಬೇರೆ! ನಾನು ರದ್ದು ಮಾಡಿ ಅಡ್ವಾನ್ಸು ಉಳಿಸಿಕೊಳ್ಳಲು ಹೊರಟಿದ್ದೆ. ಕೇಳಬೇಕಾದದ್ದು ಬೇರೆ ದಿನ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಈ ಸಲ ಗೂಡು ಮಾರಿದ ಮೇಲೂ ಹತ್ತು ದಿನ ಸೇರಿಸಿ ದಿನ ಹೇಳಿದಳು. ಅದೇ ರೇಟಿನ ಹಡಗು ಸಿಕ್ಕಿತು. ಶುಲ್ಕ ಮೂರು ಸಾವಿರ. ಎಷ್ಟು ಗೋಗರೆದರೂ ಕಂಪ್ಯೂಟರ್ ಇಳಿಯಲಿಲ್ಲ. ಅವನ ಸರ್ವಿಸ್ ಚಾರ್ಜ್ ಐನೂರನ್ನು ಮಾತ್ರ ಪೂರ್ತಿ ಬಿಡಿಸಿದೆ.

“ನಿಮ್ಮಂಥೋರು ಇನ್ನಿಬ್ರು ಬಂದ್ರೆ ಅಂಗ್ಡಿ ಬಾಗ್ಲಾಕ್ತೀನಿ ಕಣಕ್ಕ” ಎಂದು ನಗುತ್ತಲೇ ರಸೀದಿ ಕೊಟ್ಟ.

ಹಡಗು ದಡ ಬಿಟ್ಟಾಗ ಅಕ್ಕ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಹೆದರಿದಳೇನೋ ಎಂದು ಹತ್ತಿರ ಹೋದೆ.

“ಸದ್ದು ಕೇಳೇ. ಹುಳ ಎಲ್ಲಾ ಒಟ್ಗೆ ಸೊಪ್ಪು ತಿಂದಂಗದೆ!”

ನಿಜವಾಗಿಯೂ ಹಾಗೆಯೇ ಇತ್ತು!

ನೀವೂ ಹೋಗಿ. ಆದರೆ ಅಗ್ಗದ ರೇಟು ಕಂಡಾಗ ಅದು ಯಾಕೆ ಅಗ್ಗ ಎಂದು ಕೇಳಿ. ವಾಪಸ್ ಬರದ ಅಡ್ವಾನ್ಸೇ ಎಷ್ಟೋ ಸಲ ಅದರ ಕಾರಣ. ಹೋಗುವುದು ಖಚಿತವಿದ್ದರೆ ಧೈರ್ಯವಾಗಿ ಕಟ್ಟಿ. ಕಟ್ಟುವ ಮೊದಲು ದಿನ ಬದಲಿಸಬಹುದೇ, ಎಷ್ಟು ಶುಲ್ಕ, ಹೊಸ ದಿನದ ರೇಟು ಹೆಚ್ಚಿದ್ದರೆ ಯಾರು ತುಂಬಬೇಕು ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ತೆಗೆದುಕೊಳ್ಳಿ. ಎಲ್ಲರ ಕರಾರೂ ನಮ್ಮದರಂತೆ ಇರುವುದಿಲ್ಲ. ಬಾಕಿ ಕಟ್ಟುವ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಗುರುತು ಹಾಕಿ. ಮನೆಯಲ್ಲಿ ಹುಳು ಇದ್ದರೆ, ಚಳಿಗೆಂದು ಹತ್ತು ದಿನ ಹೆಚ್ಚೇ ಇಟ್ಟುಕೊಳ್ಳಿ.