ರೈಡಿಂಗ್ ಅಂದರೆ ಯಾವ ರೈಡಿಂಗ್?

2022ರ ಡಿಸೆಂಬರ್‌ನಲ್ಲಿ ನಾನು ಜಯನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ ವಿಭಾಗದ ಮುಖ್ಯಸ್ಥನಾಗಿದ್ದೆ. ಅಷ್ಟು ಹೊತ್ತಿಗೆ ಇಪ್ಪತ್ತಾರು ವರ್ಷ ಜನರ ಮೊಣಕಾಲು, ಭುಜ, ಬೆನ್ನುಗಳ ಜೊತೆ ಕಳೆದಿದ್ದೆ. ಈಗ ಬರೆಯುತ್ತಿರುವ ಪ್ರಕರಣವನ್ನು ಕಿರಿಯ ಸಹೋದ್ಯೋಗಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲವೂ ನನಗೆ ಅನುಕೂಲವಾಗುವ ಹಾಗೆ. ಬರೆಯಲು ಕೂತಾಗ ಆ ಕಾಲದ ನನ್ನ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ನನ್ನ ನೆನಪಿಗೂ ಪುಸ್ತಕಕ್ಕೂ ಹಲವು ಕಡೆ ಹೊಂದುವುದಿಲ್ಲ. ಹೊಂದದ ಕಡೆಗಳಲ್ಲಿ ಪುಸ್ತಕದ ಮಾತನ್ನೇ ತೆಗೆದುಕೊಂಡಿದ್ದೇನೆ.

ರೋಗಿಯನ್ನು ಶೈಲಜಾ ಎಂದು ಕರೆಯೋಣ. ನಲವತ್ತಾರು ವರ್ಷ, ತ್ಯಾಗರಾಜನಗರದಲ್ಲಿ ಮನೆ. ಎಡಮೊಣಕಾಲಿನ ಎಸಿಎಲ್ ಹರಿದಿತ್ತು. ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಒಳಗಿನಿಂದ ಕಟ್ಟಿಹಿಡಿಯುವ ಲಿಗಮೆಂಟ್ ಅದು. ಸರ್ಜನ್ ತೊಡೆಯ ಹಿಂಭಾಗದಿಂದ ಒಂದು ಎಳೆ ತೆಗೆದು ಅದರ ಜಾಗದಲ್ಲಿ ಹೊಸದನ್ನು ಕೂರಿಸಿದ್ದರು. ಅದು ಗಟ್ಟಿಯಾಗಲು ಎಂಟು-ಒಂಬತ್ತು ತಿಂಗಳು ಬೇಕು. ಅಷ್ಟರಲ್ಲಿ ಸುತ್ತಲಿನ ಸ್ನಾಯುಗಳಿಗೆ ಬಲ ತುಂಬುವುದು ನಮ್ಮ ಕೆಲಸ. ಎಷ್ಟು ಬಲ, ಯಾವ ಕೋನದಲ್ಲಿ ಎಂಬುದು ಆ ವ್ಯಕ್ತಿ ಮತ್ತೆ ಏನು ಮಾಡಬೇಕಾಗಿದೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದಲೇ ಮೊದಲ ದಿನ ಕೇಳುತ್ತೇವೆ.

"ಪೆಟ್ಟಾಗಿದ್ದು ಹೇಗೆ ಮೇಡಂ?"

"ತೊಳೀತಾ ಇದ್ದೆ ಸಾರ್. ನೆಲ ಒದ್ದೆ ಇತ್ತು. ಕಾಲು ಅಲ್ಲೇ ನಿಂತ್ಕೊಳ್ತು, ನಾನು ಮಾತ್ರ ತಿರುಗ್ದೆ."

"ಏನ್ ಕೆಲಸ ಮಾಡ್ತೀರಾ?"

"ರೈಡಿಂಗ್ ಟೀಚರ್."

"ಮತ್ತೆ ಏನೇನು ಮಾಡೋ ಹಾಗಾಗ್ಬೇಕು?"

"ರೈಡಿಂಗೇ ಸಾರ್. ಇನ್ನೇನು?"

ಆಗ ನಮ್ಮ ಸುತ್ತಮುತ್ತಲಿನ ಎಷ್ಟೋ ಕಂಬಗಳ ಮೇಲೆ ಹೆಂಗಸರಿಗೆ ಸ್ಕೂಟರ್ ಕಲಿಸುವ ಕ್ಲಾಸುಗಳ ಬೋರ್ಡು ನೇತಾಡುತ್ತಿತ್ತು. ಕೆಂಪು ಎಲ್ ಅಂಟಿಸಿದ ಸ್ಕೂಟರಿನಲ್ಲಿ ಹೊಸಬರು ಕೂತಿರುತ್ತಿದ್ದರು, ಹಿಂದೆ ಹೆಲ್ಮೆಟ್ ತೊಟ್ಟ ಟೀಚರ್. ಹತ್ತಿಸೀರೆ ಉಟ್ಟು ಬಂದಿದ್ದ ಶೈಲಜಾ ಅವರನ್ನು ನಾನು ಆ ಸೀಟಿನ ಮೇಲೆ ಕೂರಿಸಿಬಿಟ್ಟೆ. ತೊಳೆಯುತ್ತಿದ್ದುದು ಸ್ಕೂಟರ್ ಎಂದುಕೊಂಡೆ. 'ಗುರಿ: ದ್ವಿಚಕ್ರ ವಾಹನ' ಎಂದು ಫಾರಂ ತುಂಬಿಯಾಯಿತು. ತುಂಬಿದ್ದು ಜೂನಿಯರ್ ಹುಡುಗಿ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಪುಸ್ತಕದೊಳಗಿದ್ದ ಫಾರಂ ಪ್ರತಿಯಲ್ಲಿ ಅಕ್ಷರ ನನ್ನದೇ.

ನಮ್ಮ ಮಾತುಕತೆಯೂ ಈ ತಪ್ಪನ್ನು ಕಾಪಾಡಿತು. ಒಂದು ದಿನ ವ್ಯಾಯಾಮ ಮಾಡುತ್ತಲೇ ಅವರು, "ಹೊಸಬರು ಹೆದರಿಕೆಗೆ ಬಿಗಿಯಾಗಿ ಹಿಡ್ಕೊಂಡ್ಬಿಡ್ತಾರೆ ಸಾರ್. ಹಿಡಿದಷ್ಟೂ ಅದು ಜೋರಾಗಿ ಓಡುತ್ತೆ," ಎಂದರು.

"ನಮ್ಮನೆಯವಳೂ ಹಂಗೇ. ಎರಡು ಸಲ ಕಾಂಪೌಂಡಿಗೆ ಗುದ್ದಿದಾಳೆ."

"ಅಯ್ಯೋ! ಅವರೂ ಕಲೀತಿದಾರಾ?"

"ಬಿಟ್ಬಿಟ್ಳು ಮೇಡಂ. ಈಗ ಆಟೋನೇ."

ಇಬ್ಬರೂ ನಕ್ಕೆವು. ಏಪ್ರಿಲ್ ಹೊತ್ತಿಗೆ ಅವರು ಎರಡೂ ಪಾದ ನೆಲಕ್ಕೂರಿ ಭಾರ ತಡೆಯುವುದು, ಸ್ಕೂಟರನ್ನು ಸೆಂಟರ್ ಸ್ಟ್ಯಾಂಡಿಗೆ ಎಳೆಯುವಾಗಿನ ಹಾಗೆ ಕಾಲೊತ್ತುವುದು, ಎಲ್ಲವನ್ನೂ ಸಲೀಸಾಗಿ ಮಾಡುತ್ತಿದ್ದರು. ಗುರಿ ಮುಟ್ಟಿತು ಎಂದು ಬರೆದು, ಇನ್ನು ಮನೆಯಲ್ಲೇ ಮಾಡಿಕೊಳ್ಳಿ, ತಿಂಗಳಿಗೊಮ್ಮೆ ಫೋನ್ ಮಾಡಿ ಎಂದು ಕಳಿಸಿದೆ. ಅಲ್ಲಿಂದ ಮೂರು ತಿಂಗಳು ಅವರ ಕಾಲಿಗೆ ಸಿಗಬೇಕಾಗಿದ್ದ ಕಠಿಣ ತರಬೇತಿ ಯಾವುದೂ ಸಿಗಲಿಲ್ಲ.

ಜುಲೈ ಮೂರನೇ ವಾರ ಫಿಟ್ನೆಸ್ ಸರ್ಟಿಫಿಕೇಟಿಗೆ ಬಂದರು. ಆಗಸ್ಟ್ ಒಂದರೊಳಗೆ ಕೊಡದಿದ್ದರೆ ತಮ್ಮ ಜಾಗದಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಂಡವರನ್ನೇ ಕಾಯಂ ಮಾಡುತ್ತಾರೆ ಎಂದರು. ನಾನು ಬರೆದು, ಸಹಿ ಹಾಕಿ ಕೊಟ್ಟೆ. ಅವರು ಓದಿದರು.

"ಸಾರ್, ಟೂ ವೀಲರ್ ಅಂತ ಯಾಕೆ ಬರ್ದಿದೀರಾ?"

"ರೈಡಿಂಗ್‌ಗೇ ತಾನೇ ಮೇಡಂ?"

"ನಂದು ನಾಲ್ಕು ಕಾಲಿಂದು ಸಾರ್. ಕುದುರೆ."

ನಾನು ನಕ್ಕೆ. ಈವರೆಗೆ ಕಥೆ ಹೇಳುವಾಗೆಲ್ಲ ಈ ನಗುವನ್ನು ಬಿಟ್ಟುಬಿಡುತ್ತಿದ್ದೆ. ಅವರು ನಗಲಿಲ್ಲ. ಕನಕಪುರ ರಸ್ತೆ ಕಡೆಯ ಒಂದು ಸವಾರಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಕಲಿಸುತ್ತಿದ್ದರು. ಜಾರಿದ್ದು ಕುದುರೆ ಮೈತೊಳೆಯುವ ಕಟ್ಟೆಯಲ್ಲಿ.

"ಇಷ್ಟು ದಿನ ನನ್ನನ್ನ ಸ್ಕೂಟರ್ ಕ್ಲಾಸಿನೋಳು ಅಂದ್ಕೊಂಡಿದ್ರಾ?"

ಸರ್ಟಿಫಿಕೇಟ್ ವಾಪಸ್ ತೆಗೆದುಕೊಂಡು, ಕುದುರೆ ಹತ್ತುವುದನ್ನು ಮಾಡಿ ತೋರಿಸಿ ಎಂದೆ. ಅವರು ಎಡಪಾದವನ್ನು ಪರೀಕ್ಷೆ ಮೇಜಿನ ಅಂಚಿನ ಮೇಲಿಟ್ಟು ಮೇಲೇಳಲು ನೋಡಿದರು. ಮೊಣಕಾಲು ನಡುಗಿ ಒಳಕ್ಕೆ ವಾಲಿತು. ಕುದುರೆ ಹತ್ತುವಾಗ ಎಡಪಾದ ರಿಕಾಪಿನಲ್ಲಿ, ಅಂದರೆ ಜೀನಿನಿಂದ ನೇತಾಡುವ ಕಬ್ಬಿಣದ ಬಳೆಯಲ್ಲಿ, ಇರುತ್ತದೆ. ಪೂರ್ತಿ ಮಡಿಸಿದ ಆ ಒಂದೇ ಕಾಲಿನ ಮೇಲೆ ಇಡೀ ಮೈ ಎದ್ದು ತಿರುಗಬೇಕು. ತಿಂಗಳುಗಟ್ಟಲೆ ತಯಾರಿ ಇಲ್ಲದೆ ಹೊಸ ಲಿಗಮೆಂಟ್ ಸಹಿಸದ ಚಲನೆ ಯಾವುದಾದರೂ ಇದ್ದರೆ ಅದೇ. ಏಳು ತಿಂಗಳಲ್ಲಿ ಒಂದು ದಿನವೂ ನಾನು ಆ ತಯಾರಿ ಮಾಡಿಸಿರಲಿಲ್ಲ.

"ಸುಮ್ನೆ ಫಿಟ್ ಅಂತ ಬರ್ಕೊಡಿ ಸಾರ್. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಆಗಲ್ಲ ಮೇಡಂ. ಕಾಲು ಹೋಗುತ್ತೆ."

"ನಿಮ್ಮ ತಪ್ಪಿಗೆ ನನ್ನ ಕೆಲಸ ಹೋಗ್ಬೇಕಾ?"

ಸರ್ಜನ್ ಹತ್ತಿರ ಓಡಿದೆ. ಕುದುರೆ ಎಂದ ಕೂಡಲೆ ಅವರು ತಲೆ ಅಲ್ಲಾಡಿಸಿದರು. "ಈ ವಯಸ್ಸಲ್ಲಿ ಅದೆಲ್ಲ ಯಾಕ್ ಬೇಕಂತೆ ರೀ ಅವರಿಗೆ? ವಾಕಿಂಗ್ ಮಾಡ್ಲಿ, ಯೋಗ ಮಾಡ್ಲಿ." ಅದೇ ತಿಂಗಳು, ಭಾನುವಾರ ಮಾತ್ರ ಫುಟ್‌ಬಾಲ್ ಆಡುವ ಐವತ್ತೆರಡು ವರ್ಷದ ಗಂಡಸೊಬ್ಬರಿಗೆ ಇದೇ ಸರ್ಜನ್ ಮೈದಾನಕ್ಕೆ ಮರಳುವ ಯೋಜನೆಯನ್ನು ವಾರವಾರದ ಲೆಕ್ಕದಲ್ಲಿ ಬರೆದುಕೊಟ್ಟಿದ್ದರು. ಆತನಿಗೆ ಅದು ಆಟ, ಈಕೆಗೆ ಅನ್ನ. ಯಾಕೆ ಬೇಕು ಎಂಬ ಪ್ರಶ್ನೆ ಬಂದದ್ದು ಈಕೆಗೆ ಮಾತ್ರ. ಇದನ್ನು ಅಲ್ಲೇ ಹೇಳಿದೆ. "ಎಮೋಷನಲ್ ಆಗ್ಬೇಡಿ," ಎಂದರು.

ಮುಂದಿನ ಭಾನುವಾರ ಬೆಳಿಗ್ಗೆ ಬನಶಂಕರಿಯಿಂದ ಮೆಟ್ರೊ ಹಿಡಿದು, ಕೊನೆಯ ನಿಲ್ದಾಣದಿಂದ ಆಟೋದಲ್ಲಿ ಸವಾರಿ ಶಾಲೆಗೆ ಹೋದೆ. ಹೆಲ್ಮೆಟ್ ತೊಟ್ಟ ಮಕ್ಕಳು ಸಾಲಾಗಿ ನಿಂತಿದ್ದರು. ಎಲ್ಲರೂ ಕುದುರೆಯ ಎಡಗಡೆಯಿಂದಲೇ ಹತ್ತುತ್ತಿದ್ದರು. ಬಲಗಡೆಯಿಂದ ಹತ್ತಿದರೆ ಭಾರ ಬೀಳುವುದು ಶೈಲಜಾ ಅವರ ಒಳ್ಳೆಯ ಕಾಲಿನ ಮೇಲೆ. ಕೆಲವು ವಾರ ಅಭ್ಯಾಸ ಮಾಡಿದರೆ ಸಾಕು ಎಂದು ನನಗೆ ಹೊಳೆಯಿತು. ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ.

"ಜಗತ್ತೆಲ್ಲ ಎಡಗಡೆಯಿಂದ್ಲೇ ಹತ್ತೋದು ಡಾಕ್ಟ್ರೇ. ಹಿಂದೆ ಸವಾರರ ಸೊಂಟದ ಎಡಗಡೆ ಕತ್ತಿ ನೇತಾಡ್ತಿತ್ತು. ಬಲಗಡೆಯಿಂದ ಹತ್ತಿದ್ರೆ ಕಾಲಿಗೆ ಸಿಕ್ಕೊಳ್ತಿತ್ತು."

"ಈಗ ಯಾರ ಸೊಂಟದಲ್ಲಿದೆ ಸಾರ್ ಕತ್ತಿ?"

"ಪದ್ಧತಿ ಅಂತ ಒಂದಿರುತ್ತೆ. ಟೀಚರ್ರೇ ಉಲ್ಟಾ ಹತ್ತಿದ್ರೆ ಪೇರೆಂಟ್ಸ್ ಏನಂದ್ಕೋತಾರೆ?"

"ಮೆಟ್ಟಿಲು ಇಟ್ಟು ಹತ್ತಿದ್ರೆ?"

"ಅದು ಚಿಕ್ಕ ಮಕ್ಕಳಿಗೆ. ನೋಡಿ, ನನಗೆ ಫಿಟ್ ಅನ್ನೋ ಒಂದೇ ಪದ ಬೇಕು. ಷರತ್ತೆಲ್ಲ ಬೇಡ."

ಇಲ್ಲದ ಕತ್ತಿಗಾಗಿ ಒಬ್ಬ ಶಿಕ್ಷಕಿಯ ಹನ್ನೊಂದು ವರ್ಷವನ್ನು ಬದಿಗಿಡಬಲ್ಲ ಆ ಮನುಷ್ಯ ನನಗೆ ಒಳ್ಳೆಯ ಕಾಫಿ ಕೊಟ್ಟರು. ಕುಡಿದೆ ಎಂದು ಪುಸ್ತಕದಲ್ಲಿದೆ. ಕುಡಿಯದೆ ಎದ್ದು ಬಂದೆ ಎಂದು ನನ್ನ ನೆನಪು.

ಆಗಸ್ಟ್ ಒಂದು ಕಳೆದುಹೋಯಿತು. ಆದರೂ ಶೈಲಜಾ ಏಳು ವಾರಗಳ ಕಾಲ, ವಾರಕ್ಕೆ ನಾಲ್ಕು ದಿನ, ನಮ್ಮಲ್ಲಿಗೆ ಬಂದರು. ಅಷ್ಟಕ್ಕೂ ನಾನು ಫೀಸು ಹಾಕಲಿಲ್ಲ. ಅದನ್ನು ಉಪಕಾರ ಎಂದು ಯಾರೂ ತಿಳಿಯಬಾರದು. ಮ್ಯಾನೇಜರ್ ಇಲ್ಲದ ಮಧ್ಯಾಹ್ನಗಳಲ್ಲಿ ಅವರು ಶಾಲೆಗೆ ಹೋಗಿ, ಕುದುರೆಗಳನ್ನು ನೋಡಿಕೊಳ್ಳುವ ಹಿರಿಯರಾದ ಬಾಷಾ ಅವರ ನೆರವಿನಿಂದ ಒಂದು ಕಂದು ಕುದುರೆಗೆ ಬಲಗಡೆಯ ಅಭ್ಯಾಸ ಮಾಡಿಸಿದರು. ಸೆಪ್ಟೆಂಬರ್‌ನಲ್ಲಿ ನನ್ನನ್ನು ಕರೆದರು. ಬಲಪಾದ ರಿಕಾಪಿಗಿಟ್ಟು, ಒಂದೇ ಉಸಿರಿಗೆ ಎದ್ದು, ಎಡಗಾಲನ್ನು ಆಚೆ ಬೀಸಿ ಕೂತರು. ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ಕುದುರೆ ಎಂಟು ದಿನಕ್ಕೆ ಕಲೀತು ಸಾಬ್," ಎಂದರು ಬಾಷಾ. "ಮ್ಯಾನೇಜರ್ ಸಾಬ್‌ಗೆ ಎಷ್ಟು ದಿನ ಬೇಕೋ ಗೊತ್ತಿಲ್ಲ."

ನಾನು ಹೇಳುತ್ತಿದ್ದ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಕೇಳಿದವರು ಚಪ್ಪಾಳೆ ತಟ್ಟುತ್ತಿದ್ದರು. ನಿಜದಲ್ಲಿ ಹುದ್ದೆ ಆಗಲೇ ಬೇರೆಯವರದಾಗಿತ್ತು. ಎನ್‌ಕ್ವೈರಿ ಡೆಸ್ಕಿನಲ್ಲಿ ಕೂತು ಫೋನ್ ಎತ್ತಿ ಎಂದು ಮ್ಯಾನೇಜರ್ ಉದಾರತೆ ತೋರಿಸಿದರಂತೆ. ಶೈಲಜಾ ರಾಜೀನಾಮೆ ಕೊಟ್ಟು, ಅಲ್ಲಿಂದ ನೇರವಾಗಿ ನನ್ನ ಕೋಣೆಗೆ ಬಂದರು.

"ಒಂದೇ ಪ್ರಶ್ನೆ ಸಾರ್. ಮೊದಲ್ನೇ ದಿನಾನೇ ಕುದುರೆ ಅಂತ ಗೊತ್ತಿದ್ದಿದ್ರೆ, ಆಗಸ್ಟ್ ಒಂದಕ್ಕೆ ನಾನು ರೆಡಿ ಇರ್ತಿದ್ನಾ?"

"ಇರ್ತಿದ್ರಿ."

"ಹಂಗಾದ್ರೆ ಅದನ್ನ ಬರ್ದು ಕೊಡಿ."

ಆಡಳಿತಾಧಿಕಾರಿಗೆ ತಿಳಿಸಿದಾಗ ಅವರು ಬೆಚ್ಚಿಬಿದ್ದರು. "ತಪ್ಪು ನಮ್ಮದು ಅಂತ ನಾವೇ ಬರ್ಕೊಡೋದೇನ್ರೀ? ಬಾಯಲ್ಲಿ ಸಾರಿ ಹೇಳಿ ಕಳ್ಸಿ, ಸಾಕು." ಆಸ್ಪತ್ರೆಯ ಸೀಲು ಸಿಗಲಿಲ್ಲ. ನನ್ನ ಹೆಸರಿನ ಹಾಳೆಯಲ್ಲಿ ನಾಲ್ಕು ವಾಕ್ಯ ಬರೆದೆ. ಇವರ ಉದ್ಯೋಗ ಕುದುರೆ ಸವಾರಿ ಕಲಿಸುವುದು ಎಂದು ತಿಳಿದುಕೊಳ್ಳದೆ ಹೋದದ್ದು ನಾನು. ಅದರಿಂದ ಇವರ ಚೇತರಿಕೆ ಎರಡು ತಿಂಗಳು ತಡವಾಯಿತು. ಇದರಲ್ಲಿ ಇವರ ಲೋಪವೇನೂ ಇಲ್ಲ. ಇವರ ಕಾಲು ಈಗ ಸವಾರಿಗೆ ಸಿದ್ಧವಾಗಿದೆ, ಬಲಗಡೆಯಿಂದ ಹತ್ತುತ್ತಾರೆ. ಶೈಲಜಾ ಎರಡು ಸಲ ಓದಿ, ಮಡಿಸದೆ ಫೈಲಿನೊಳಗೆ ಇಟ್ಟುಕೊಂಡರು. ಥ್ಯಾಂಕ್ಸ್ ಹೇಳಲಿಲ್ಲ.

ಊರಾಚೆಯ ಇನ್ನೊಂದು ಸವಾರಿ ಶಾಲೆಯವರು, ಹನ್ನೊಂದು ವರ್ಷದ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಶೈಲಜಾ ಆ ಹಾಳೆಯನ್ನು ಅವರ ಮುಂದಿಟ್ಟರಂತೆ. ಕೆಲಸ ಸಿಕ್ಕಿತು, ಸಹಾಯಕ ಶಿಕ್ಷಕಿಯಾಗಿ. ನಲವತ್ತೇಳನೇ ವಯಸ್ಸಿನಲ್ಲಿ ಅವರು ಕೆಳಗಿನ ಮೆಟ್ಟಿಲಿನಿಂದ ಮತ್ತೆ ಶುರು ಮಾಡಿದರು. ನಾನು ವಿಭಾಗದ ಮುಖ್ಯಸ್ಥನಾಗಿಯೇ, ಹಾರ ಹಾಕಿಸಿಕೊಂಡು ನಿವೃತ್ತನಾದೆ. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಸಮಾಧಾನವಾಗುವ ಉತ್ತರ ಸಿಕ್ಕಿಲ್ಲ, ಸಿಗುವುದೂ ಬೇಡ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ನಮ್ಮ ತಪ್ಪಿನಿಂದ ರೋಗಿಯೊಬ್ಬರು ಏನನ್ನಾದರೂ ಕಳೆದುಕೊಂಡರೆ, ಅವರು ಕೇಳುವ ಮೊದಲೇ ಅದನ್ನು ಬರೆದು ಸಹಿ ಹಾಕಿ ಕೊಡಬೇಕು. ನಾನು ಅವರು ಕೇಳುವವರೆಗೆ ಕಾದೆ.