ಕಾಯಲಾರದ ಅರಿಯೋಸ್ತೊ ಕಟ್ಟಿದ ಸರ್ವರ್

ನದಿ ದಂಡೆಯ ನಮ್ಮ ಪೈಸಾಂದೂ ಊರಿನಲ್ಲಿ ಅರಿಯೋಸ್ತೊ ಬೆಂತಾಂಕೂರನಷ್ಟು ಅವಸರದ ಮನುಷ್ಯ ಇನ್ನೊಬ್ಬನಿರಲಿಲ್ಲ. ಚಹಾದಂತೆ ಕುಡಿಯುವ ಮಾತೆ ಸೊಪ್ಪಿಗೆ ನೀರು ಬಿಸಿಯಾಗುವ ತನಕ ಒಲೆಯ ಮುಂದೆ ನಿಲ್ಲುವುದು ಅವನಿಂದಾಗದು. ಅಷ್ಟರಲ್ಲಿ ಸೈಕಲ್ ಚೈನಿಗೆ ಎಣ್ಣೆ ಹಾಕಲು ಹೋಗಿ, ನೀರು ಕುದ್ದು ಆ ಸೊಪ್ಪಿಗೆ ಬಾರದಂತಾದ ಮೇಲೆ ಬರುತ್ತಿದ್ದ. ಬೇಕರಿಯಲ್ಲಿ ಸಾಲು ಉದ್ದವಿದ್ದರೆ ಬ್ರೆಡ್ಡೇ ಬೇಡವೆಂದು ಪಕ್ಕದಂಗಡಿಯ ಬಿಸ್ಕತ್ತು ತಂದುಬಿಡುತ್ತಿದ್ದ. ಮದುವೆಯ ದಿನ ಪಾದ್ರಿ ಪ್ರಶ್ನೆ ಮುಗಿಸುವ ಮೊದಲೇ "ಹೂಂ, ಒಪ್ಪಿದೆ" ಎಂದುಬಿಟ್ಟಿದ್ದ. ಹೆಂಡತಿ ಇಲ್ಡಾ ಅದನ್ನು ಮರೆತವಳಲ್ಲ, ಊರಿನವರಿಗೆ ಮರೆಯಲು ಬಿಟ್ಟವಳೂ ಅಲ್ಲ.

ಅವನ ಕೆಲಸ ಊರಿನ ರೇಡಿಯೊ ನಿಲಯದಲ್ಲಿ. ಅಲ್ಲಿನ ಎರಡು ಹಳೆಯ ಕಂಪ್ಯೂಟರುಗಳನ್ನೂ ರೇಡಿಯೊದ ವೆಬ್‌ಪುಟವನ್ನೂ ನೋಡಿಕೊಳ್ಳುವುದು. ಆ ಪುಟದಲ್ಲಿ ಹಾಡಿನ ಪಟ್ಟಿಯಿತ್ತು, ಮಾಲೀಕ ದೊನ್ ಫೆರ್ಮಿನ್ ಅವರ ದೊಡ್ಡದೊಂದು ಫೋಟೋ ಇತ್ತು, ಮೂಲೆಯಲ್ಲಿ ನದಿಯ ನೀರಿನ ಮಟ್ಟವಿತ್ತು. ಜನ ನೋಡುತ್ತಿದ್ದುದು ಆ ಮೂಲೆಯನ್ನು ಮಾತ್ರ. ಉತ್ತರದಲ್ಲಿ ಬ್ರೆಜಿಲ್ ಕಡೆ ಜೋರು ಮಳೆಯಾದರೆ ನಮ್ಮ ತಗ್ಗು ಕೇರಿಗಳಿಗೆ ನೀರು ಬರಲು ಹೆಚ್ಚು ಹೊತ್ತು ಬೇಡ. ಮಂಚ ಎತ್ತಬೇಕೋ ಬೇಡವೋ ಎಂಬುದನ್ನು ಆ ಅಂಕಿಯೇ ಹೇಳಬೇಕು.

ಒಂದು ವಸಂತದಲ್ಲಿ ನದಿ ಉಬ್ಬಿತು. ಊರಿಗೆ ಊರೇ ಒಮ್ಮೆಲೇ ಪುಟ ತೆರೆಯಿತು; ಪುಟ ಬಿಳಿಚಿಕೊಂಡು ನಿಂತುಬಿಟ್ಟಿತು. ದೊನ್ ಫೆರ್ಮಿನ್ ದಿನವಿಡೀ ಮೈಕಿನ ಮುಂದೆ ಕೂತು ಅಂಕಿ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ಸಂಜೆಗೆ ಅವರ ದನಿ ಕಪ್ಪೆಯ ದನಿಯಾಗಿತ್ತು.

"ಏನಯ್ಯಾ, ಒಂದು ಅಂಕಿ ತೋರಿಸೋಕೆ ನಿನ್ ಯಂತ್ರಕ್ಕೆ ಇಷ್ಟು ಕಷ್ಟಾನಾ?"

"ಯಂತ್ರದ್ದು ತಪ್ಪಿಲ್ಲ ದೊನ್ ಫೆರ್ಮಿನ್. ಪುಟ ತೆರೆಯೋ ಒಬ್ಬೊಬ್ಬರಿಗೂ ಸರ್ವರ್ ಒಬ್ಬೊಬ್ಬ ಆಳನ್ನ ಕೊಡುತ್ತೆ. ಆ ಆಳು ಬಂದರಿನ ಅಳತೆ ಯಂತ್ರದ ಹತ್ರ ಹೋಗಿ, ಉತ್ತರ ಬರೋ ತನಕ ಸುಮ್ನೆ ನಿಂತಿರ್ತಾನೆ. ಸಾವಿರ ಜನ ಕೇಳಿದ್ರೆ ಸಾವಿರ ಆಳು ನಿಂತಿರ್ತಾರೆ. ನಿಲ್ಲೋಕೆ ಜಾಗ ಎಲ್ಲಿದೆ?"

"ನಿಂತ್ಕೊಂಡು ಏನ್ ಮಾಡ್ತಾರೆ?"

"ಏನೂ ಇಲ್ಲ. ಕಾಯ್ತಾರೆ." ಆ ಮಾತನ್ನು ಅವನು ಹೊಲಸು ತುಳಿದವನಂತೆ ಮುಖ ಮಾಡಿ ಹೇಳಿದ.

ಆ ಬೇಸಿಗೆಯೆಲ್ಲ ಅವನು ಅಡುಗೆಮನೆಯ ಮೇಜಿನ ಮೇಲೆಯೇ ತನ್ನ ಸರ್ವರ್ ಬರೆದ. ಇದರಲ್ಲಿ ಆಳು ಒಬ್ಬನೇ. ಕೇಳಿದವರ ಹೆಸರು ಹಿಡಿದುಕೊಳ್ಳುತ್ತಾನೆ, ಬಂದರಿಗೆ ಹೇಳಿ ಕಳಿಸುತ್ತಾನೆ, ಉತ್ತರಕ್ಕೆ ನಿಲ್ಲದೆ ಮುಂದಿನವರ ಕಡೆ ತಿರುಗುತ್ತಾನೆ. ಉತ್ತರ ಬಂದಾಗ ಕೇಳಿದವರಿಗೆ ಮುಟ್ಟಿಸುತ್ತಾನೆ. ಬ್ರೌಸರಿನಲ್ಲಿ ಗುಂಡಿ, ಬಣ್ಣ ಆಡಿಸಲು ಬಳಸುವ ಭಾಷೆಯಲ್ಲೇ ಇದನ್ನೂ ಬರೆಯಬಹುದಿತ್ತು. ಹಾಗಾಗಿ ಜನ ನೋಡುವ ಪುಟಕ್ಕೊಂದು ಭಾಷೆ, ಹಿಂದೆ ದುಡಿಯುವ ಸರ್ವರಿಗೊಂದು ಭಾಷೆ ಎಂದು ಕಲಿಯುವ ಗೋಜಿಲ್ಲ.

"ಇದು ಸರ್ವರ್ ಅಲ್ಲ ಮಾರಾಯ, ಇದು ನೀನೇ," ಎಂದಳು ಇಲ್ಡಾ. "ಅಪೂರೊ ಅಂತ ಹೆಸರಿಡು."

ನಮ್ಮಲ್ಲಿ ಅಪೂರೊ ಎಂದರೆ ಅವಸರ. ಪೇಚಾಟಕ್ಕೂ ಅದೇ ಮಾತು. ಅರಿಯೋಸ್ತೊ ಮೊದಲನೆಯ ಅರ್ಥಕ್ಕೇ ಖುಷಿಪಟ್ಟು ಒಪ್ಪಿಕೊಂಡ, ಎರಡನೆಯದಕ್ಕೆ ಕಾಯಲಿಲ್ಲ.

ಮುಂದಿನ ವರ್ಷ ನದಿ ಇನ್ನೂ ಮೇಲೆ ಬಂತು. ಅದೇ ಹಳೆಯ ಕಂಪ್ಯೂಟರ್, ಅದೇ ಜನ. ಪುಟ ಮಾತ್ರ ತೆರೆದೊಡನೆ ಅಂಕಿ ತೋರಿಸಿತು. ಮೀನುಗಾರರ ಕೇರಿಯವರು ಹೊತ್ತಿರುವಾಗಲೇ ಹಾಸಿಗೆ, ಕೋಳಿ, ಅಜ್ಜಿಯರನ್ನೆಲ್ಲ ಶಾಲೆಗೆ ಸಾಗಿಸಿದರು. ದೊನ್ ಫೆರ್ಮಿನ್ ಗಂಟಲಿಗೆ ರಜೆ ಕೊಟ್ಟು ಹಾಡು ಹಾಕಿದರು. ಅರಿಯೋಸ್ತೊ ಎರಡು ದಿನ ನಿಲಯದಲ್ಲೇ ಕೂತು, ಎಷ್ಟು ಜನ ನೋಡುತ್ತಿದ್ದಾರೆಂದು ಹಿಗ್ಗುತ್ತಿದ್ದ. ಮನೆಗೆ ಹೋದರೆ ಹೊಸಿಲಲ್ಲಿ ನೀರು. ಒಳಗೆ ಮೇಜಿಲ್ಲ, ಮಂಚವಿಲ್ಲ, ಹೆಂಡತಿಯೂ ಇಲ್ಲ. ಬೆದರಿ ಓಡಿದವನಿಗೆ ಇಲ್ಡಾ ಗುಡ್ಡದ ಮೇಲೆ ತನ್ನ ತಂಗಿಯ ಮನೆಯಲ್ಲಿ ಸಿಕ್ಕಳು.

"ಹೇಳೋಕಾಗ್ಲಿಲ್ವಾ?"

"ನಿನ್ನ ಪುಟ ಊರಿಗೆಲ್ಲ ಹೇಳ್ತಲ್ಲ. ನಾನು ನೋಡಿದೆ, ನೀನು ನೋಡ್ಲಿಲ್ಲ."

ಅವನಿಗೆ ನಗು ಬರಲಿಲ್ಲ. ಅವಳೇ ಕುರ್ಚಿ ಎಳೆದು ಕೂರಿಸಿದಳು.

ಅಪೂರೊವನ್ನು ಅವನು ಯಾರು ಬೇಕಾದರೂ ಬಳಸಿಕೊಳ್ಳಲೆಂದು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಇಟ್ಟ. ಬಸ್ ಕಂಪನಿಗಳು, ಪತ್ರಿಕೆಗಳು, ಗುರುತಿಲ್ಲದ ದೇಶಗಳವರು ಎತ್ತಿಕೊಂಡರು. ಹೊಗಳಿಕೆ ಬರುತ್ತಿದ್ದ ಕಾಲಕ್ಕೇ ಪರಗ್ವೆಯ ಎನ್ಕಾರ್ನಾಸಿಯೊನ್ ಊರಿನಿಂದ ಜುನಿಲ್ಡಾ ಎಂಬವಳ ದೂರು ಬಂತು. ಅಲ್ಲಿಯೂ ನದಿ, ಅಲ್ಲಿಯೂ ನೆರೆ. ನಾಳೆ ನೀರು ಎಲ್ಲಿಗೆ ಬರುತ್ತದೆಂದು ಲೆಕ್ಕ ಹಾಕುವ ಭಾರೀ ಕೆಲಸವನ್ನು ಅವಳು ಅಪೂರೊಗೆ ಕೊಟ್ಟಿದ್ದಳು. ಒಬ್ಬನೇ ಆಳು ಲೆಕ್ಕದಲ್ಲಿ ತಲೆ ಹುದುಗಿಸಿದ. ಉಳಿದ ಊರೆಲ್ಲ ಬಾಗಿಲಲ್ಲಿ ನಿಂತಿತು.

ಅರಿಯೋಸ್ತೊ ಓದಿ ಮುಗಿಸುವ ಮೊದಲೇ ಉತ್ತರ ಬರೆದ: ತಪ್ಪು ನಿನ್ನದು, ಅಂಥ ಕೆಲಸ ಇದಕ್ಕೆ ಕೊಡಬಾರದು. ಆಮೇಲೆ ಒಂದು ವಾರ ಮುಖ ಊದಿಸಿಕೊಂಡೇ ಇದ್ದ.

"ಅವಳು ಹೇಳಿದ್ದು ಸರೀನಾ, ತಪ್ಪಾ?" ಎಂದು ಇಲ್ಡಾ ಕೇಳಿದಳು.

"ಸರಿ."

"ಮತ್ತೆ ಸಿಟ್ಯಾಕೆ?"

"ಸರಿ ಇರೋದಕ್ಕೇ."

ಅವನು ಕ್ಷಮೆ ಕೇಳಿ ಬರೆದ. ಜುನಿಲ್ಡಾ ಅವಸರವಿಲ್ಲದವಳು; ತಿಂಗಳುಗಟ್ಟಲೆ ಕೂತು, ಭಾರೀ ಲೆಕ್ಕಗಳನ್ನು ಪಕ್ಕದಲ್ಲಿ ಬೇರೊಬ್ಬ ಆಳಿಗೆ ಒಪ್ಪಿಸುವ ದಾರಿ ಮಾಡಿದಳು. ಚಳಿಗಾಲದಲ್ಲಿ ಚೀಲದ ತುಂಬ ತಮ್ಮೂರ ಚೀಪಾ ರೊಟ್ಟಿ ಹೊತ್ತು ಬಸ್ಸಿನಲ್ಲಿ ಪೈಸಾಂದೂಗೇ ಬಂದಳು. ಅವಳ ಕೆಲಸವನ್ನು ಅರಿಯೋಸ್ತೊ ಸಾಲು ಸಾಲಾಗಿ ಓದಿದ, ಒಮ್ಮೆಯೂ ಎದ್ದು ಹೋಗದೆ. ಇಲ್ಡಾ ಜ್ವರ ಬಂದಿದೆಯೇ ಎಂದು ಅವನ ಹಣೆ ಮುಟ್ಟಿ ನೋಡಿದಳು.

ಊಟದ ಹೊತ್ತಿಗೆ ಅವನೆಂದ: "ಇನ್ಮೇಲೆ ಅಪೂರೊದ ಯಜಮಾನಿಕೆ ನೀನೇ ವಹಿಸ್ಕೊ ತಾಯಿ. ಎಲ್ರ ಮಾತು ಪೂರ್ತಿ ಕೇಳ್ಬೇಕು ಅಲ್ಲಿ. ನನ್ ಕೈಲಾಗಲ್ಲ."

ಜುನಿಲ್ಡಾ ರೊಟ್ಟಿ ಮುರಿಯುತ್ತ, "ಯೋಚ್ನೆ ಮಾಡಿ ಹೇಳ್ತೀನಿ," ಎಂದಳು.

ಯೋಚಿಸಿದಳು. ಕಿತ್ತಳೆ ಹಣ್ಣಿನ ಕಾಲ ಮುಗಿಯುವ ತನಕ ಯೋಚಿಸಿದಳು. ಅಷ್ಟು ದಿನವೂ ಅರಿಯೋಸ್ತೊ ಕಂಪ್ಯೂಟರಿನ ಅಂಚೆಪೆಟ್ಟಿಗೆ ತೆರೆದು ಮುಚ್ಚಿ, ಮುಚ್ಚಿ ತೆರೆದು ಮನೆಯವರ ತಲೆ ತಿಂದ. ಕಡೆಗೆ ಒಂದು ಬೆಳಿಗ್ಗೆ, "ಆಗಲಿ" ಎಂದು ಉತ್ತರ ಬಂತು. ಅವನು ಇಲ್ಡಾಳನ್ನು ಎಬ್ಬಿಸಿ, ಅಪ್ಪಿಕೊಂಡು, ಆ ದಿನ ರೇಡಿಯೊಗೆ ಚಕ್ಕರ್ ಹೊಡೆದು ಅವಳ ಜೊತೆ ನದಿ ದಂಡೆಯಲ್ಲಿ ಅಡ್ಡಾಡಿದ.